ಏಳನೆಯ ಕ್ಯಾಸೆಟ್ಟು

ಆ ಮನುಷ್ಯ ಬಂದಾಗ ಕ್ಯಾಸೆಟ್ಟಕ್ಕ ಕೆಟ್ಟುಹೋದ ಪ್ಲೇಯರ್ ಒಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ಅದರೊಳಗಿನ ರಬ್ಬರ್ ಬೆಲ್ಟು ಇನ್ನೂ ಗಟ್ಟಿಯಾಗಿತ್ತು. ಅವಳ ಬಳಿ ಓಡುವ ಸ್ಥಿತಿಯಲ್ಲಿದ್ದ ಮೂರು ಪ್ಲೇಯರ್‌ಗಳಲ್ಲಿ ಒಂದಕ್ಕೆ ಅದು ಬೇಕಾಗಿತ್ತು. ಹೊಸದನ್ನು ಈಗ ಯಾರೂ ತಯಾರಿಸುವುದಿಲ್ಲ. ಸತ್ತವುಗಳಿಂದ ಕಿತ್ತು ಬದುಕಿರುವವಕ್ಕೆ ಹಾಕಿ ಹೇಗೋ ದಿನ ತಳ್ಳಬೇಕು.

ಗಂಡ ಇದ್ದಾಗ ಅದು ಫೋಟೋ ಸ್ಟುಡಿಯೋ. ಗಂಡ ಹೋದ ಮೇಲೆ ಮುಂದಿನ ಭಾಗವನ್ನು ಮೊಬೈಲ್ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟು, ಒಂದು ಕಾಲಕ್ಕೆ ಫೋಟೋ ತೊಳೆಯುತ್ತಿದ್ದ ಹಿಂದಿನ ಕತ್ತಲೆ ಕೋಣೆಯನ್ನು ಅವಳು ತನಗೆ ಇಟ್ಟುಕೊಂಡಿದ್ದಳು. ಜನ ಅಟ್ಟದಿಂದ, ಮಂಚದಡಿಯಿಂದ ಹಳೇ ವಿಡಿಯೋ ಕ್ಯಾಸೆಟ್ಟುಗಳನ್ನು ಹುಡುಕಿ ತರುತ್ತಿದ್ದರು. ಅವಳು ಅವನ್ನು ಒರೆಸಿ, ಓಡಿಸಿ, ಕಂಪ್ಯೂಟರಿಗೆ ಇಳಿಸಿ ಪೆನ್ ಡ್ರೈವಿನಲ್ಲಿ ಕೊಡುತ್ತಿದ್ದಳು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಅವಳ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಬಂದವನಿಗೆ ನಲವತ್ತರ ಆಸುಪಾಸು. ಬಟ್ಟೆಯ ಚೀಲವನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತ. ಕೂತವನು ತಿರುಗಿ ಬಾಗಿಲನ್ನು ನೋಡಿ, ಎದ್ದು ಹೋಗಿ ಚಿಲಕ ಹಾಕಿ ಬಂದ.

"ಇರ್ಲಿ ಬಿಡಿ, ಗಾಳಿ ಬರುತ್ತೆ," ಅಂದಳು ಅವಳು.

"ಅಭ್ಯಾಸ ಅಕ್ಕ," ಅಂದು ಅವನು ಮತ್ತೆ ಎದ್ದು ಚಿಲಕ ತೆಗೆದ. ಆದರೆ ಮಾತಾಡುವಷ್ಟು ಹೊತ್ತೂ ಅವನ ಒಂದು ಕಣ್ಣು ಬಾಗಿಲ ಕಡೆಗೇ ಇತ್ತು.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ತನ್ನದು ಅಂದ. ಉಜ್ಜಿ ಉಜ್ಜಿ ಬೆರಳ ತುದಿಗಳು ನುಣ್ಣಗಾಗಿದ್ದವು. ಚೀಲದಲ್ಲಿ ಏಳು ಕ್ಯಾಸೆಟ್ಟುಗಳಿದ್ದವು, ದಪ್ಪನೆಯ ಹಳೇ ಮಾದರಿಯವು.

"ಇದ್ರಲ್ಲೆಲ್ಲ ಏನಿದೆ?"

"ಸರಿಯಾಗಿ ಗೊತ್ತಿಲ್ಲ. ನಮ್ಮ ಚಿಕ್ಕಪ್ಪನಿಗೆ ಕ್ಯಾಮೆರಾ ಹುಚ್ಚಿತ್ತು, ಅವರು ತೆಗೆದದ್ದು. ಮನೇಲಿದ್ದ ಪ್ಲೇಯರ್ ಕೆಟ್ಟು ಇಪ್ಪತ್ತು ವರ್ಷದ ಮೇಲಾಯ್ತು. ಅಪ್ಪ ರಿಪೇರಿ ಮಾಡ್ಸೋಕೆ ಬಿಡ್ಲಿಲ್ಲ." ಅವನು ಚೀಲದ ಬಾಯಿಯನ್ನು ಮಡಚಿದ. "ಅಮ್ಮ ಹೋಗಿ ನಾಲ್ಕು ತಿಂಗಳಾಯ್ತು ಅಕ್ಕ. ಅವಳ ದನಿ ನನ್ನ ಹತ್ರ ಎಲ್ಲೂ ಇಲ್ಲ. ಫೋನ್ ಎತ್ತಿದ್ರೆ ಸಾಕು, ಮುಖಕ್ಕೆ ಕೈ ಅಡ್ಡ ಹಿಡಿದು ಎದ್ದು ಹೋಗ್ತಿದ್ಲು. ಇದ್ರಲ್ಲಿ ಎಲ್ಲಾದ್ರೂ ಒಂದು ನಿಮಿಷ ಮಾತಾಡಿದ್ದು ಸಿಕ್ಕಿದ್ರೆ ಸಾಕು. ನನ್ನನ್ನ ಬೈದದ್ದಾದ್ರೂ ಪರವಾಗಿಲ್ಲ."

"ಒಂದು ವಾರ ಬಿಟ್ಟು ಬನ್ನಿ," ಅಂದಳು ಕ್ಯಾಸೆಟ್ಟಕ್ಕ.

ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಎರಡು ಗಂಟೆಯ ಕ್ಯಾಸೆಟ್ಟು ಕಂಪ್ಯೂಟರಿಗೆ ಇಳಿಯಲು ಎರಡು ಗಂಟೆಯೇ ಬೇಕು. ಅದಕ್ಕೂ ಮೊದಲು ಐದು ಸ್ಕ್ರೂ ಬಿಚ್ಚಿ, ಸುರುಳಿಯ ಅಂಚಿಗೆ ಹಿಟ್ಟಿನ ಹಾಗೆ ಹಿಡಿದ ಬೂಷ್ಟನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಟೇಪು ಎಲ್ಲಿ ತುಂಡಾಗುತ್ತದೋ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಹೇಳಲಾಗದು, ಹಾಗಾಗಿ ಎದುರಿಗೇ ಕೂತಿರಬೇಕು. ಕಂಡವರ ಮನೆಯ ಕೂಸು ಅಂಬೆಗಾಲಿಟ್ಟದ್ದು, ಅತ್ತೆ ಮುನಿದದ್ದು, ಯಾರದೋ ಭಾವ ಮೈಮೇಲೆ ಎಚ್ಚರವಿಲ್ಲದೆ ಕುಣಿದದ್ದು, ಎಲ್ಲವನ್ನೂ ಅವಳು ನೋಡಿದ್ದಳು. ಕ್ಯಾಮೆರಾ ಕೈಗೆ ಸಿಕ್ಕ ಚಿಕ್ಕಪ್ಪಂದಿರೆಲ್ಲ ಒಂದೇ ಅಚ್ಚಿನವರು ಅನ್ನುವುದು ಅವಳು ಕಂಡುಕೊಂಡ ಸತ್ಯ. ಆಫ್ ಮಾಡಿದೆ ಅಂದುಕೊಂಡು ಹತ್ತು ನಿಮಿಷ ತಮ್ಮ ಚಪ್ಪಲಿಯನ್ನೇ ಚಿತ್ರಿಸುತ್ತಾರೆ. ಝೂಮ್ ಗುಂಡಿ ಸಿಕ್ಕಿತೆಂದರೆ ಎದುರಿಗಿರುವವರ ಮೂಗಿನ ಹೊಳ್ಳೆಯನ್ನೂ ಬಿಡುವುದಿಲ್ಲ.

ಈ ಚಿಕ್ಕಪ್ಪನೂ ಹಾಗೆಯೇ. ಮೊದಲ ಆರು ಕ್ಯಾಸೆಟ್ಟುಗಳ ತುಂಬ ಅವರದೇ ಮಾತು. "ನೋಡಿ, ನಮ್ಮಣ್ಣ ಈಗ ಪೇಪರ್ ಓದ್ತಿದ್ದಾರೆ. ನೋಡಿ, ನಮ್ಮಣ್ಣ ಈಗ ಪುಟ ತಿರುಗಿಸಿದ್ರು." ಆ ಅಣ್ಣ ಬಸ್ ಡಿಪೋದಲ್ಲಿ ಗಾಡಿಗಳ ಹೊತ್ತು ಬರೆಯುವ ಕೆಲಸದವರು, ತೆಳ್ಳಗೆ, ಗಂಟುಮುಖ. ದೊಡ್ಡ ಕಿವಿಯ ಒಬ್ಬ ಹುಡುಗ. ಆಮೇಲಿನ ಕ್ಯಾಸೆಟ್ಟುಗಳಲ್ಲಿ ಒಂದು ಹೆಣ್ಣು ಕೂಸು. ಎಲ್ಲರೂ ಅದನ್ನು ಪುಟ್ಟಿ ಎನ್ನುತ್ತಿದ್ದರು. ಅಮ್ಮ ಮಾತ್ರ ಚೌಕಟ್ಟಿನ ಅಂಚಿನಲ್ಲಿ ತಟ್ಟೆ ಹಿಡಿದು ಹಾದುಹೋಗುವ ಒಂದು ಸೀರೆಯ ಬಣ್ಣ, ಅಷ್ಟೇ. ಅವಳು ಬಾಯಿ ತೆರೆದಾಗಲೆಲ್ಲ ಹಿಂದೆ ರೇಡಿಯೋ ಕಿರುಚುತ್ತಿತ್ತು ಅಥವಾ ಚಿಕ್ಕಪ್ಪ ಅಡ್ಡ ಬಾಯಿ ಹಾಕುತ್ತಿದ್ದರು. ಆರು ಕ್ಯಾಸೆಟ್ಟು ಮುಗಿದರೂ ಒಂದು ಪೂರ್ತಿ ವಾಕ್ಯ ಸಿಗಲಿಲ್ಲ.

ಏಳನೆಯದರ ಮೇಲೆ ಚೀಟಿ ಇರಲಿಲ್ಲ. ಬೆನ್ನಿನ ಮೇಲಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಯಾರೋ ಮುರಿದಿದ್ದರು. ಅದನ್ನು ಮುರಿದರೆ ಕ್ಯಾಸೆಟ್ಟಿನ ಮೇಲೆ ಬೇರೇನನ್ನೂ ತುಂಬಲು ಬರುವುದಿಲ್ಲ. ಈ ಮನೆಯಲ್ಲಿ ಬೇರೆ ಯಾವ ಕ್ಯಾಸೆಟ್ಟನ್ನೂ ಇಷ್ಟು ಜೋಪಾನ ಮಾಡಿರಲಿಲ್ಲ.

ಅದು ಹುಡುಗನ ಹುಟ್ಟುಹಬ್ಬದ ದಿನ. ಮೂಲೆಯಲ್ಲಿ ತಾರೀಕು, ಗಂಟೆ, ನಿಮಿಷ ಓಡುತ್ತಿದ್ದವು. ಮೂವತ್ತೊಂದು ವರ್ಷದ ಹಿಂದಿನದು. ಮೇಜಿನ ಮೇಲೆ ಕೇಕು, ಸುತ್ತ ಹತ್ತು ಹದಿನೈದು ಜನ. ಅಮ್ಮ ಇಲ್ಲಿ ಮಾತಾಡಿದ್ದಳು, ಹತ್ತಿರದಿಂದ, ಸ್ಪಷ್ಟವಾಗಿ: "ದೊಡ್ಡೋನೇ, ಕೇಕ್ ಮುಟ್ಬೇಡ! ಕೈ ನೋಡು ಹೇಗಿದೆ, ಮಣ್ಣಿನ ಮೂಟೆ ಹೊತ್ತು ಬಂದೋನ ಹಾಗೆ. ಹೋಗು, ತೊಳ್ಕೊಂಡು ಬಾ." ಹೇಳಿ ನಕ್ಕಳು. ಕ್ಯಾಸೆಟ್ಟಕ್ಕನಿಗೆ ನಿರಾಳವಾಯಿತು. ಹೊತ್ತು ಬರೆದಿಟ್ಟುಕೊಂಡಳು.

ಹನ್ನೆರಡು ಮುಕ್ಕಾಲಿಗೆ ಚಿಕ್ಕಪ್ಪ, "ಸ್ವಲ್ಪ ನಾನೂ ಹೊಟ್ಟೆಗೆ ಹಾಕ್ಕೋತೀನಪ್ಪ," ಎಂದು ಕ್ಯಾಮೆರಾವನ್ನು ಫ್ರಿಜ್ಜಿನ ಮೇಲಿಟ್ಟರು. ಆಫ್ ಮಾಡಲಿಲ್ಲ. ಕ್ಯಾಮೆರಾ ಮೇಲಿನಿಂದ ಅಡುಗೆಮನೆಯನ್ನೂ ಹಿಂದಿನ ಬಾಗಿಲನ್ನೂ ನೋಡುತ್ತ ಕೂತಿತು.

ಹುಡುಗ ಹಿಂದಿನ ಬಾಗಿಲಿನಿಂದ ಚೆಂಡು ಹಿಡಿದು ಓಡಿ ಬಂದ. ಬಾಗಿಲು ಮುಚ್ಚಿದ. ಕಾಲ್ಬೆರಳ ಮೇಲೆ ನಿಂತು ಮೇಲಿನ ಚಿಲಕವನ್ನು ತಳ್ಳಿದ. ಅದು ಕೂರಲಿಲ್ಲ. ಚೆಂಡನ್ನು ಕೆಳಗಿಟ್ಟು ಎರಡೂ ಕೈಯಿಂದ ತಳ್ಳಿದ, ಕೂತಿತು. ಚೆಂಡೆತ್ತಿಕೊಂಡು ಒಳಗೆ ಹೋದ.

ಅಲ್ಲಿಂದ ಮುಂದೆ ಚಿತ್ರ ಕೆಡಲು ಶುರುವಾಯಿತು. ಅಡ್ಡಡ್ಡ ಬಿಳಿ ಗೀಟುಗಳು, ನಡುಗು. ಇದು ಬೂಷ್ಟಿನ ಕೆಲಸವಲ್ಲವೆಂದು ಅವಳಿಗೆ ತಕ್ಷಣ ತಿಳಿಯಿತು. ಟೇಪನ್ನು ಒಂದೇ ಜಾಗದಲ್ಲಿ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ನಿಲ್ಲಿಸಿ ನೋಡಿದರೆ ಹೀಗಾಗುತ್ತದೆ. ಪ್ಲೇಯರಿನ ಒಳಗೆ ತಿರುಗುವ ಲೋಹ ಅಲ್ಲೇ ಉಜ್ಜಿ ಉಜ್ಜಿ ಚಿತ್ರವನ್ನು ತಿಂದುಬಿಡುತ್ತದೆ. ತೀರಿಹೋದವರು ಒಮ್ಮೆ ನಕ್ಕ ಜಾಗ ಹೀಗೆ ಸವೆದಿರುವುದನ್ನು ಅವಳು ಬೇರೆ ಕ್ಯಾಸೆಟ್ಟುಗಳಲ್ಲಿ ಕಂಡಿದ್ದಳು. ಆದರೆ ಇಷ್ಟು ಸವೆದದ್ದನ್ನು ಕಂಡಿರಲಿಲ್ಲ. ನೂರಾರು ಸಲ ಯಾರೋ ಈ ಎರಡು ನಿಮಿಷವನ್ನು ನೋಡಿದ್ದರು.

ಅವಳು ಬೇರೆ ಪ್ಲೇಯರಿಗೆ ಹಾಕಿ, ಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಚಿತ್ರವನ್ನು ಹದಕ್ಕೆ ತಂದಳು. ಅಮ್ಮ ಬಂದಳು, ಕಸದ ಬುಟ್ಟಿ ಹಿಡಿದು. ಚಿಲಕ ಸರಿಸಿ ಹೊರಗೆ ಹೋದಳು. ಮರಳಿ ಬಂದಾಗ ಒಂದು ಕೈಯಲ್ಲಿ ಖಾಲಿ ಬುಟ್ಟಿ, ಇನ್ನೊಂದು ತೋಳಿನ ಮೇಲೆ ಒಣಗಿದ ಬಟ್ಟೆಯ ರಾಶಿ. ಒಳಗೆಲ್ಲೋ ಫೋನು ಬಡಿದುಕೊಳ್ಳುತ್ತಿತ್ತು. "ಬಂದೆ, ಬಂದೆ!" ಎನ್ನುತ್ತ ಅವಳು ಹಿಮ್ಮಡಿಯಿಂದ ಬಾಗಿಲನ್ನು ತಳ್ಳಿ ಓಡಿದಳು. ಬಾಗಿಲು ಚೌಕಟ್ಟಿಗೆ ಬಡಿದು ಒಂದು ಗೇಣು ವಾಪಸು ಬಂತು.

ಸ್ವಲ್ಪ ಹೊತ್ತಿಗೆ ಪುಟ್ಟಿ ಬಂದಿತು, ಕೈಯಲ್ಲೊಂದು ಚಮಚ. ಬಾಗಿಲ ಸಂದಿನಲ್ಲಿ ಮೊದಲು ಚಮಚ ತೂರಿಸಿ, ಆಮೇಲೆ ತಲೆ ತೂರಿಸಿ ಹೊರಗೆ ಹೋಯಿತು. ನೆಲದ ಮೇಲೆ ಬಿಸಿಲಿನ ಪಟ್ಟಿ ಅಗಲವಾಗಿ ಮತ್ತೆ ಸಣ್ಣದಾಯಿತು.

ಮೂರು ನಿಮಿಷ ಖಾಲಿ ಅಡುಗೆಮನೆ. ಒಳಗಿಂದ ಅಮ್ಮನ ದನಿ, ಫೋನಿನಲ್ಲಿ ನಗುತ್ತ, "ಹೂಂ, ಇವತ್ತಿಗೆ ಒಂಬತ್ತು ತುಂಬ್ತು!" ಹೊರಗೆ ಲಾರಿಯೊಂದು ಹಿಂದಕ್ಕೆ ಚಲಿಸುವ ಸದ್ದು. ಆಮೇಲೆ ಯಾರದೋ ಕೂಗು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಹಿಂದಿನ ಬಾಗಿಲಿಂದ ಓಡಿದರು. ಹುಡುಗ ಎಲ್ಲರಿಗಿಂತ ಕೊನೆಗೆ ಬಂದು ಹೊಸ್ತಿಲಲ್ಲಿ ನಿಂತ. ಅಪ್ಪ ಹೊರಗಿಂದ ಬಂದರು. ಅಂಗಿಯ ಮುಂಭಾಗ ಒದ್ದೆಯಾಗಿತ್ತು. ಹುಡುಗನ ಭುಜ ಹಿಡಿದು ಅಲುಗಿಸಿದರು.

"ಕೊನೇಗೆ ಒಳಗೆ ಬಂದೋನು ನೀನೇ ತಾನೇ? ಚಿಲಕ ಹಾಕ್ದೆ ಬಂದ್ಯೇನೋ?"

"ಹಾಕಿದ್ದೆ ಅಪ್ಪ."

ಕಪಾಳಕ್ಕೆ ಏಟು ಬಿತ್ತು. "ಹಾಕಿದ್ದೆ ಅಪ್ಪ," ಅಂದ ಹುಡುಗ ಮತ್ತೆ. ಇನ್ನೊಂದು ಏಟು. ಮೂರನೇ ಸಲ ಅವನು ಏನೂ ಹೇಳಲಿಲ್ಲ. ಬಾಗಿಲ ಬಳಿ ಅಮ್ಮ ನಿಂತಿದ್ದಳು. ಅವಳ ಬಾಯಿ ತೆರೆದಿತ್ತು, ಸ್ವರ ಹೊರಡಲಿಲ್ಲ. ಬ್ಯಾಟರಿ ಮುಗಿದು ಚಿತ್ರ ಅಲ್ಲಿಗೆ ನಿಂತಿತು.

ಕ್ಯಾಸೆಟ್ಟಕ್ಕ ಎದ್ದು ಹೊರಗೆ ಬಂದು ಮೊಬೈಲಿನವನ ಅಂಗಡಿಯಲ್ಲಿ ಒಂದು ಲೋಟ ನೀರು ಕುಡಿದಳು. "ಏನಾಯ್ತಕ್ಕ?" ಅಂದ ಅವನು. "ಏನಿಲ್ಲ, ಧೂಳು," ಅಂದಳು.

ಕಂಡದ್ದನ್ನು ಹೇಳಬಾರದು ಅನ್ನುವುದು ಅವಳು ಪೆಟ್ಟು ತಿಂದು ಕಲಿತ ಪಾಠ. ಎಂಟು ವರ್ಷದ ಹಿಂದೆ ಒಬ್ಬ ಹೆಂಗಸಿಗೆ, "ನಿಮ್ಮ ಯಜಮಾನ್ರ ಪಕ್ಕ ಪ್ರತಿ ಪ್ರವಾಸದಲ್ಲೂ ಇವರಿದ್ದಾರಲ್ಲ, ನಾದಿನಿಯಾ?" ಎಂದು ಏನೂ ತಿಳಿಯದೆ ಕೇಳಿದ್ದಳು. ಆ ಮನೆ ಒಂದು ತಿಂಗಳಲ್ಲಿ ಒಡೆದುಹೋಯಿತು. ಆ ಹೆಂಗಸು ಆಮೇಲೊಮ್ಮೆ ದಾರಿಯಲ್ಲಿ ಸಿಕ್ಕಿ, "ನನಗೆ ಗೊತ್ತಿರ್ಲಿಲ್ಲ, ಸುಖವಾಗಿದ್ದೆ," ಅಂದಿದ್ದಳು. ಅವತ್ತಿನಿಂದ ಕ್ಯಾಸೆಟ್ಟಕ್ಕ ಗಿರಾಕಿಗಳೆದುರು ಚಿತ್ರದ ಗುಣಮಟ್ಟ ಬಿಟ್ಟು ಬೇರೆ ಮಾತು ಆಡಿರಲಿಲ್ಲ.

ಈಗಲೂ ಅದೇ ಮಾಡಿದಳು. ಅಮ್ಮ ಮಾತಾಡುವ ಮೊದಲ ನಲವತ್ತು ನಿಮಿಷವನ್ನು ಕತ್ತರಿಸಿ ಬೇರೆ ಫೈಲು ಮಾಡಿದಳು. ಉಳಿದದ್ದು ಹಾಳಾಗಿದೆ ಅಂದರಾಯಿತು. ಸುಳ್ಳೂ ಅಲ್ಲ, ಹಾಳಾಗಿಯೇ ಇತ್ತು. ತಾಯಿಯನ್ನು ಕಳೆದುಕೊಂಡು ನಾಲ್ಕು ತಿಂಗಳಾದವನು ತಾಯಿಯ ದನಿ ಹುಡುಕಿಕೊಂಡು ಬಂದಿದ್ದಾನೆ, ಅದನ್ನು ಕೊಟ್ಟು ಕಳಿಸಿದರೆ ತನ್ನ ಕೆಲಸ ಮುಗಿಯಿತು.

ವಾರದ ಮೇಲೆ ಅವನು ಬಂದ. ಅವಳು ಕಂಪ್ಯೂಟರನ್ನು ಅವನ ಕಡೆ ತಿರುಗಿಸಿ ಕೇಳಿಸಿದಳು. "ಮಣ್ಣಿನ ಮೂಟೆ ಹೊತ್ತು ಬಂದೋನ ಹಾಗೆ..." ಅವನು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡ. ಇನ್ನೊಂದು ಸಲ ಹಾಕಿ ಅಂದ. ಆಮೇಲೆ ಇನ್ನೊಂದು ಸಲ.

"ಇದೇ ದನಿ. ಕೊನೆಯ ಎರಡು ವರ್ಷ ಇದು ಇರ್ಲಿಲ್ಲ ಅಕ್ಕ. ಪಾರ್ಶ್ವವಾಯು ಹೊಡೆದು ಮಾತೇ ನಿಂತುಹೋಗಿತ್ತು. ಬಲಗೈ ಒಂದೇ ಅಲ್ಲಾಡ್ತಿತ್ತು." ಅವನು ಪರದೆಯನ್ನೇ ನೋಡುತ್ತಿದ್ದ. "ದಿನಾ ನನ್ನ ಕೈ ಹಿಡಿದು, ಬೀರುವಿನ ಮೇಲಕ್ಕೆ ಬೆರಳು ತೋರಿಸ್ತಿದ್ಲು. ಅಲ್ಲಿ ಹಳೇ ಸೂಟ್‌ಕೇಸ್, ಕಂಬಳಿ ಇದ್ವು. ಕಂಬಳಿ ಬೇಕಾ ಅಮ್ಮ ಅಂದ್ರೆ ತಲೆ ಅಲ್ಲಾಡಿಸೋಳು. ಸೂಟ್‌ಕೇಸಾ ಅಂದ್ರೂ ಅಲ್ಲ. ಆಮೇಲೆ ಅಳೋಳು. ಅಪ್ಪ ಬೇರೆ ಕಡೆ ನೋಡ್ಕೊಂಡು, ಅವಳಿಗೆ ತಲೆ ಸರಿ ಇಲ್ಲ, ಅನ್ನೋರು. ಅವಳು ಹೋದ ಮೇಲೆ ಬೀರು ಸರಿಸಿ ಗುಡಿಸುವಾಗ ಸೂಟ್‌ಕೇಸಿನ ಹಿಂದೆ ಈ ಚೀಲ ಸಿಕ್ತು."

ಕ್ಯಾಸೆಟ್ಟಕ್ಕ ಒಂದೊಂದೇ ಕ್ಯಾಸೆಟ್ಟನ್ನು ಅವನ ಚೀಲಕ್ಕೆ ತುಂಬತೊಡಗಿದಳು.

"ಈ ಹುಟ್ಟುಹಬ್ಬದ ದಿನವೇ ನಮ್ಮ ಪುಟ್ಟಿ ಹೋಗಿದ್ದು," ಅಂದ ಅವನು. "ನಾನು ಹಿಂದಿನ ಬಾಗಿಲ ಚಿಲಕ ಹಾಕಿರ್ಲಿಲ್ಲ. ಮಗು ಗಲ್ಲಿಗೆ ಹೋಯ್ತು, ಲಾರಿ ಹಿಂದೆ ಬರ್ತಿತ್ತು. ಅಪ್ಪ ಅವತ್ತಿನಿಂದ ನನ್ನ ಜೊತೆ ನೆಟ್ಟಗೆ ಮಾತಾಡಿಲ್ಲ. ಏನಿದ್ರೂ ಅಮ್ಮನ ಕೈಲಿ ಹೇಳ್ಸೋರು. ಅಮ್ಮ ಮಾತ್ರ ಒಂದು ಸಲವೂ ಬೈಲಿಲ್ಲ ನೋಡಿ. ಒಂದೇ ಒಂದು ಸಲವೂ ಇಲ್ಲ. ಅದಕ್ಕೇ ನಂಗೆ ಅವಳ ದನಿ ಬೇಕಾಗಿತ್ತು."

ಇನ್ನೂ ಹೇಳಿದ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಳು ಮದುವೆಯಾಗೋಣ ಅಂದಿದ್ದಳಂತೆ. ಇವನಿಗೂ ಇಷ್ಟವಿತ್ತಂತೆ. ಮಕ್ಕಳಾದರೆ ಅವನ್ನು ತನ್ನ ಕೈಯಲ್ಲಿ ಬಿಡುವುದು ಹೇಗೆ ಅನ್ನುವ ಭಯಕ್ಕೆ ಬೇಡ ಅಂದನಂತೆ. ಈಗ ಅವಳ ಮಗಳು ಇವನ ಅಂಗಡಿಗೇ ಕನ್ನಡಕ ಹಾಕಿಸಿಕೊಳ್ಳಲು ಬರುತ್ತಾಳಂತೆ.

ಕ್ಯಾಸೆಟ್ಟಕ್ಕನಿಗೆ ಆ ಬೀರುವಿನತ್ತ ಎದ್ದ ಬೆರಳು ಕಣ್ಣಿಗೆ ಕಟ್ಟಿತು. ಮಾತಿದ್ದಾಗ ಹೇಳಲಾರದವಳು ಮಾತು ಹೋದ ಮೇಲೆ ಹೇಳಹೊರಟಿದ್ದಳು. ಈಗ ತಾನೂ ಬಾಯಿ ಮುಚ್ಚಿಕೊಂಡರೆ ಆ ಮನೆಯ ಮೌನಕ್ಕೆ ತಾನೂ ಒಬ್ಬಳು ಸೇರಿದ ಹಾಗಾಯಿತು.

"ಇನ್ನೂ ಇದೆ," ಅಂದಳು. "ಈ ಕ್ಯಾಸೆಟ್ಟಿನಲ್ಲಿ ಇನ್ನೂ ಇದೆ. ನೋಡೋಕೆ ತುಂಬ ಕಷ್ಟ ಆಗುತ್ತೆ. ಆದ್ರೆ ನೀವು ನೋಡ್ಬೇಕು ಅಂತ ನನಗನ್ನಿಸುತ್ತೆ. ಬೇಡ ಅಂದ್ರೆ ಈಗ್ಲೇ ಹೇಳಿ, ಎತ್ತಿಡ್ತೀನಿ."

ಅವನು ಅವಳ ಮುಖ ನೋಡಿದ. "ಪುಟ್ಟಿ ಇದ್ದಾಳಾ ಅದ್ರಲ್ಲಿ?"

"ಇದ್ದಾಳೆ. ಲಾರಿ ಬಡಿದದ್ದು ಕಾಣೋಲ್ಲ."

"ಹಾಕಿ."

ಅವಳು ಹಾಕಿ, ಕೋಣೆಯ ಇನ್ನೊಂದು ಮೂಲೆಗೆ ಹೋಗಿ ನಿಂತಳು. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಹುಡುಗ ಚೆಂಡು ಕೆಳಗಿಟ್ಟು ಚಿಲಕ ತಳ್ಳುವಾಗ ಆ ಬೆನ್ನು ಸೆಟೆಯಿತು. ಅಮ್ಮ ಬುಟ್ಟಿ ಹಿಡಿದು ಬಂದಾಗ ಅವನು, "ಬೇಡ," ಅಂದ, ಪರದೆಗೆ, ಮೆಲ್ಲಗೆ. ಆಮೇಲೆ ಕೊನೆಯತನಕ ಅಲುಗಾಡಲಿಲ್ಲ.

ಚಿತ್ರ ಮುಗಿಯಿತು. ಬಿಡುಗಡೆಯಾದವನ ಹಾಗೆ ಅಳಬಹುದು, ನಿಟ್ಟುಸಿರು ಬಿಡಬಹುದು ಎಂದುಕೊಂಡಿದ್ದಳು ಅವಳು. ಅವನು ಕೇಳಿದ್ದು ಬೇರೆ.

"ಈ ಗೀಟುಗಳು ಯಾಕೆ ಹೀಗಿವೆ?"

ಅವಳು ಹೇಳಿದಳು. ಸುತ್ತಿ ಬಳಸದೆ ಹೇಳಿದಳು.

"ಅಂದ್ರೆ ಅಮ್ಮ ನೋಡ್ತಿದ್ಲು." ಅವನ ದನಿ ಎಷ್ಟು ತಣ್ಣಗಿತ್ತೆಂದರೆ ಅವಳಿಗೆ ಹೆದರಿಕೆಯಾಯಿತು. "ನಾನು ಸ್ಕೂಲಿಗೆ ಹೋದ ಮೇಲೆ ನೋಡ್ತಿದ್ಲು. ಬಂದ ಮೇಲೆ ನನಗೆ ಊಟ ಹಾಕ್ತಿದ್ಲು." ಪರದೆಯ ಕಡೆ ಕೈ ತೋರಿಸಿ ಅಂದ, "ಹಾಕಿದ್ದೆ ಅಂತ ನಾನು ಹೇಳಿದ್ದೆ ಅನ್ನೋದೇ ನಂಗೆ ಮರೆತುಹೋಗಿತ್ತು ಅಕ್ಕ. ನಾನು ಹಾಕದೆ ಬಂದದ್ದು ನಂಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ಇದು ಹೇಗೆ?"

ಅವಳು ಕಂಪ್ಯೂಟರನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡು ಚಿತ್ರ ಮುಚ್ಚಿದಳು.

ಮಾರನೆಯ ದಿನ ಬೆಳಿಗ್ಗೆ ಅವನು ಮತ್ತೆ ಬಂದು, ಲ್ಯಾಪ್‌ಟಾಪ್ ತೆಗೆದುಕೊಂಡು ತನ್ನ ಮನೆಗೆ ಬರಲಾಗುತ್ತದೆಯೇ ಎಂದು ಕೇಳಿದ. "ಒಬ್ಬನೇ ತೋರಿಸಿದ್ರೆ ನಾನು ಏನು ಮಾಡ್ಬಿಡ್ತೀನೋ ಗೊತ್ತಿಲ್ಲ. ಹೊರಗಿನವರು ಒಬ್ರು ಇದ್ರೆ ಒಳ್ಳೇದು." ಬರುವುದಿಲ್ಲ ಅನ್ನಬೇಕೆಂದು ಬಾಯಿ ತೆರೆದವಳು, "ನಡೀರಿ," ಅಂದಳು. ಬಾಗಿಲು ತೆರೆದು ಕೊಟ್ಟದ್ದು ತಾನೇ ಅಲ್ಲವೇ.

ಮೂರನೇ ಮಹಡಿಯ ಎರಡು ಕೋಣೆಯ ಮನೆ. ಪುಟ್ಟಿ ಹೋದ ವರ್ಷವೇ ಹಳೇ ಮನೆ ಬಿಟ್ಟು ಬಂದಿದ್ದರು. ಅಪ್ಪನಿಗೆ ಎಪ್ಪತ್ತೊಂಬತ್ತು. ಕಿಟಕಿಯ ಬಳಿ ಕೂತು ರೇಡಿಯೋ ಕೇಳುತ್ತಿದ್ದರು. ವಿಡಿಯೋದಲ್ಲಿದ್ದ ಗಂಟುಮುಖವೇ, ಚರ್ಮ ಮಾತ್ರ ಸಡಿಲ.

"ಕೂತ್ಕೊಳ್ಳಮ್ಮ," ಅಂದರು ಅವಳಿಗೆ. ಮಗನನ್ನು ನೋಡಲಿಲ್ಲ.

ಮಗ ರೇಡಿಯೋ ಆರಿಸಿ, ಲ್ಯಾಪ್‌ಟಾಪನ್ನು ಅವರ ಮುಂದಿನ ಸ್ಟೂಲಿನ ಮೇಲಿಟ್ಟು, "ನೋಡು," ಅಂದ. ಅಡುಗೆಮನೆ ಕಾಣಿಸಿದ್ದೇ ಮುದುಕರು ಕಣ್ಣು ಮುಚ್ಚಿಕೊಂಡರು. ಸದ್ದು ಮಾತ್ರ ಕೇಳುತ್ತ ಕೂತರು. "ಹಾಕಿದ್ದೆ ಅಪ್ಪ" ಬರುವ ಮೊದಲೇ ಕೈ ಎತ್ತಿದರು.

"ಸಾಕು. ನಿಲ್ಸು. ನಂಗೊತ್ತು."

"ಏನು ಗೊತ್ತು?"

"ಎಲ್ಲಾ ಗೊತ್ತು. ಅವಳು ಒಂದು ವಾರದ ಮೇಲೆ ಹೇಳಿದ್ಲು. ನಿಮ್ಮ ಚಿಕ್ಕಪ್ಪ ಏನಿದೆ ಅಂತ ನೋಡದೆ ಕ್ಯಾಸೆಟ್ ಕೊಟ್ಟು ಹೋಗಿದ್ದ. ಮಗೂನ ನೋಡೋಣ ಅಂತ ಹಾಕಿದ್ಲು." ಮುದುಕರು ಕಣ್ಣು ತೆರೆಯದೆಯೇ ಮಾತಾಡುತ್ತಿದ್ದರು. "ಅವತ್ತು ಸಂಜೆ ಮಾತ್ರೆಯ ಡಬ್ಬಿ ಅವಳ ಕೈಯಿಂದ ಕಿತ್ಕೊಂಡೆ ಕಣೋ. ಬಾಗಿಲು ತೆಗೆದಿಟ್ಟೋಳು ಅವಳೇ ಅಂತ ಜನಕ್ಕೆ ಗೊತ್ತಾದ್ರೆ ಅವಳು ಉಳೀತಿರ್ಲಿಲ್ಲ. ನೀನು ಮಗು. ಮಕ್ಕಳು ಮರೀತಾರೆ ಅಂದ್ಕೊಂಡೆ."

"ಮರೆತ್ಯಾ ಅಂತ ಒಂದು ದಿನ ಕೇಳಿದ್ಯಾ?"

"ಕೇಳೋಕೆ ಭಯ ಆಯ್ತು."

"ಅಮ್ಮನೂ ಒಪ್ಕೊಂಡ್ಲಾ?"

"ಇಲ್ಲ. ನಿನಗೆ ಹೇಳ್ತೀನಿ ಅಂತ ಎಷ್ಟೋ ಸಲ ಎದ್ದು ಹೊರಟ್ಲು. ನಾನೇ ಅಡ್ಡ ನಿಂತೆ. ಹತ್ತು ವರ್ಷ ಆಗಿತ್ತು. ಈಗ ಹೇಳಿದ್ರೆ, ಹತ್ತು ವರ್ಷ ಯಾಕೆ ಸುಮ್ನಿದ್ರಿ ಅಂತ ಕೇಳ್ತಾನೆ ಅಂದೆ. ಇಪ್ಪತ್ತು ವರ್ಷ ಆದ್ಮೇಲೆ ಇನ್ನೂ ಬಾಯಿ ಕಟ್ಟಿಹೋಯ್ತು. ಅವಳು ಅದನ್ನೇ ಹಾಕ್ಕೊಂಡು ಹಾಕ್ಕೊಂಡು ನೋಡೋಳು. ಹುಚ್ಚು ಹಿಡಿಯುತ್ತೆ ಅಂತ ಪ್ಲೇಯರಿನ ವೈರು ನಾನೇ ಕತ್ತರಿಸಿದೆ. ಅದೇನೂ ಕೆಟ್ಟಿರ್ಲಿಲ್ಲ."

"ಮತ್ತೆ ನೀನು ನನ್ನ ಜೊತೆ ಮಾತು ಬಿಟ್ಟದ್ದು? ಗೊತ್ತಿದ್ದೂ?"

ಮುದುಕರು ಆಗ ಮೊದಲ ಸಲ ಮಗನ ಮುಖ ನೋಡಿದರು. "ನಿನ್ನ ಮುಖ ನೋಡಿ ಮಾತಾಡಿದ್ರೆ ಎಲ್ಲಾ ಹೇಳ್ಬಿಡ್ತಿದ್ದೆ," ಅಂದರು.

ಮಗ ಸ್ಟೂಲನ್ನು ಕಾಲಿನಿಂದ ಒದೆಯುತ್ತಾನೆ ಎಂದುಕೊಂಡು ಕ್ಯಾಸೆಟ್ಟಕ್ಕ ಕೈ ಚಾಚಿ ಲ್ಯಾಪ್‌ಟಾಪ್ ಹಿಡಿದುಕೊಂಡಳು. ಅವನು ಒದೆಯಲಿಲ್ಲ. ಅಡುಗೆಮನೆಗೆ ಹೋದ. ಅಲ್ಲಿ ನಲ್ಲಿ ಬಿಟ್ಟ ಸದ್ದು ಬಂತು. ನಿಲ್ಲದೆ ನೀರು ಸುರಿಯುತ್ತಲೇ ಇತ್ತು. ಆ ಸದ್ದಿನ ಕೆಳಗೆ ಇನ್ನೊಂದು ಸದ್ದು. ನಲವತ್ತು ವರ್ಷದ ಗಂಡಸು ಹೀಗೆ ಅಳುವುದನ್ನು ಅವಳು ಹಿಂದೆ ಕೇಳಿರಲಿಲ್ಲ. ಮುದುಕರು ಆರಿಸಿದ ರೇಡಿಯೋದ ಗುಂಡಿಯನ್ನು ಸುಮ್ಮನೆ ತಿರುಗಿಸುತ್ತ ಕೂತಿದ್ದರು.

"ನೀವು ತೋರಿಸ್ಬಾರ್ದಿತ್ತಮ್ಮ," ಅಂದರು ಕೊನೆಗೆ.

"ನೀವು ಹೇಳಿದ್ರೆ ನಾನು ತೋರಿಸೋ ಹಾಗೇ ಇರ್ಲಿಲ್ಲ," ಅಂದಳು ಅವಳು. ಹೇಳಿದ ಮೇಲೆ ಬಿರುಸಾಯಿತೇನೋ ಅನ್ನಿಸಿತು. ವಾಪಸು ತೆಗೆದುಕೊಳ್ಳಲಿಲ್ಲ.

ಎರಡು ತಿಂಗಳು ಅವನ ಸುದ್ದಿಯಿರಲಿಲ್ಲ. ಕ್ಯಾಸೆಟ್ಟುಗಳೂ ಪೆನ್ ಡ್ರೈವೂ ಅವಳ ಬಳಿಯೇ ಉಳಿದಿದ್ದವು. ಒಂದು ಮಧ್ಯಾಹ್ನ ಬಂದ. ಇಳಿದುಹೋಗಿದ್ದ. ಅಂಗಡಿಯ ಹತ್ತಿರ ಒಂದು ಕೋಣೆ ಮಾಡಿಕೊಂಡಿದ್ದನಂತೆ. ಬೆಳಿಗ್ಗೆ, ಸಂಜೆ ಅಪ್ಪನ ಮನೆಗೆ ಹೋಗಿ ಅಡುಗೆ ಮಾಡಿಟ್ಟು, ಔಷಧಿ ಕೊಟ್ಟು ಬರುತ್ತಿದ್ದನಂತೆ.

"ಈಗ ಅವರು ಮಾತಾಡ್ತಾರೆ ಅಕ್ಕ. ಬಾಯಿ ಮುಚ್ಚೋದೇ ಇಲ್ಲ. ನಂಗೇ ಏನು ಹೇಳೋಕೂ ತೋಚಲ್ಲ. ಮಾತ್ರೆ ತಗೊಂಡ್ಯಾ, ನೀರು ಕಾಯ್ಸಿದೀನಿ, ಅಷ್ಟೇ."

ಹೋದ ಭಾನುವಾರ ಆಗಿದ್ದನ್ನು ಹೇಳಿದ. ಇವನು ಪಾತ್ರೆ ತೊಳೆಯುತ್ತಿದ್ದಾಗ ಅಪ್ಪ ಹಳೇ ಡೈರಿ ತೆಗೆದು ನಂಟರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಲು ಕೂತರಂತೆ. ಆ ಹುಟ್ಟುಹಬ್ಬದ ದಿನ ಮನೆಯಲ್ಲಿದ್ದವರಲ್ಲಿ ಬದುಕಿದ್ದವರು ನಾಲ್ಕೇ ಜನ. ಮೊದಲ ಇಬ್ಬರು ಹೂಂ ಹೂಂ ಅಂದು ಆರೋಗ್ಯ ವಿಚಾರಿಸಿ ಇಟ್ಟರು. ಮೂರನೆಯವರಿಗೆ ಇವರು ಯಾರೆಂದೇ ಗೊತ್ತಾಗಲಿಲ್ಲ. ಕೊನೆಗೆ ಚಿಕ್ಕಪ್ಪ. ಚಿಕ್ಕಪ್ಪನಿಗೆ ಈಗ ಕಿವಿ ಪೂರ್ತಿ ಮಂದ.

"ಅಪ್ಪ ಕಟ್ಟಡಕ್ಕೆಲ್ಲ ಕೇಳೋ ಹಾಗೆ ಕೂಗಿದ್ರು. ಅವನು ಚಿಲಕ ಹಾಕಿದ್ದ ಕಣೋ! ದೊಡ್ಡೋನು ಚಿಲಕ ಹಾಕಿದ್ದ! ಅಂತ. ಚಿಕ್ಕಪ್ಪ ಆ ಕಡೆಯಿಂದ, ಯಾವ ಚಿಲಕ ಅಣ್ಣಾ? ಮನೇಲಿ ಕಳ್ಳತನ ಆಯ್ತಾ? ಅಂತಾರೆ."

ಅವನು ನಗಲು ಶುರು ಮಾಡಿದ. ಕ್ಯಾಸೆಟ್ಟಕ್ಕನಿಗೂ ನಗು ಬಂದುಬಿಟ್ಟಿತು, ತಡೆಯಲಾಗಲಿಲ್ಲ. ಇಬ್ಬರೂ ಕಣ್ಣೊರೆಸಿಕೊಂಡರು. ಆಮೇಲೆ ಅವನ ಮುಖ ನಿಧಾನಕ್ಕೆ ಬಾಡಿತು.

"ಅವರ್ಯಾರಿಗೂ ನೆನಪೇ ಇಲ್ಲ ಅಕ್ಕ. ಇಡೀ ಊರು ನನ್ನನ್ನೇ ನೋಡ್ತಿದೆ ಅಂತ ನಾನು ತಲೆ ತಗ್ಗಿಸ್ಕೊಂಡು ಓಡಾಡಿದ್ದು, ಮೂವತ್ತೊಂದು ವರ್ಷ. ಯಾರೂ ನೋಡ್ತಿರ್ಲಿಲ್ಲ."

ಅವಳು ಪೆನ್ ಡ್ರೈವನ್ನು ಅವನ ಮುಂದಿಟ್ಟಳು. ಅದರಲ್ಲಿ ಎರಡು ಫೈಲು ಇವೆ ಅಂದಳು, ಒಂದರಲ್ಲಿ ಅಮ್ಮನ ಮಾತು ಮಾತ್ರ, ಇನ್ನೊಂದರಲ್ಲಿ ಪೂರ್ತಿ. ಬೇಡವಾದದ್ದನ್ನು ಈಗಲೇ ಅಳಿಸಿಕೊಡುತ್ತೇನೆ ಅಂದಳು.

"ಮಾತು ಮಾತ್ರ ಇರೋದನ್ನ ಅಳಿಸಿ," ಅಂದ ಅವನು. "ಅದರಲ್ಲಿರೋದು ಯಾರೋ ಬೇರೆ ಅಮ್ಮ ಅನ್ನಿಸುತ್ತೆ."

ಅವಳು ಅಳಿಸಿದಳು. ಅವನು ಪೆನ್ ಡ್ರೈವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಅಪ್ಪನಿಗೆ ಮಧ್ಯಾಹ್ನದ ಮಾತ್ರೆಯ ಹೊತ್ತಾಯಿತು ಎಂದು ಎದ್ದ. ಬಾಗಿಲ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದು, ಬಿಸಿಲಿನಲ್ಲಿ ಎರಡು ಹೆಜ್ಜೆ ಹೋಗಿ, ಬಸ್ಸು ಬರುತ್ತಿರುವುದನ್ನು ಕಂಡು ಓಡಿದ.